ಬೀಗ ಹಾಕಿದ ಮನೆಯ ವೈಫೈ

ನಮ್ಮ ಮನೆಯವರು ತೀರಿಕೊಂಡ ನಕ್ಷತ್ರ ಚೆನ್ನಾಗಿರಲಿಲ್ಲವಂತೆ. ಪಂಚಾಂಗ ನೋಡಿದ ಅಯ್ನೋರು ಮೂರು ತಿಂಗಳು ಮನೆ ಬಿಡಬೇಕು ಎಂದರು. ಹನ್ನೊಂದನೆಯ ದಿನದ ಕಾರ್ಯ ಮುಗಿದ ಮಧ್ಯಾಹ್ನವೇ ನೆಂಟರು ಸೇರಿ ಒಲೆಯ ಬೂದಿ ಬಳಿದರು, ಬಿಂದಿಗೆಗಳ ನೀರು ಚೆಲ್ಲಿ ಬೋರಲು ಹಾಕಿದರು, ದೇವರ ಪಟಗಳನ್ನು ಪಕ್ಕದ ಬೀದಿಯ ನೆಂಟರ ಮನೆಗೆ ಸಾಗಿಸಿದರು. ಬಾಗಿಲಿಗೆ ಬೀಗ ಹಾಕಿ, ಅಡ್ಡಲಾಗಿ ಎಲಚಿ ಮುಳ್ಳಿನ ಕೊಂಬೆ ಕಟ್ಟಿದರು. ನಮ್ಮ ಕಡೆ ಹಾಗೆ ಬಿಟ್ಟ ಮನೆಯಲ್ಲಿ ದೀಪ ಉರಿಯಬಾರದು, ಯಾರೂ ಹೊಸಲು ದಾಟಬಾರದು. ಹೋದವರು ಒಂದು ಸಲ ತಿರುಗಿ ನೋಡುತ್ತಾರಂತೆ. ಅಲ್ಲಿ ದೀಪವೂ ಇಲ್ಲ ಜನವೂ ಇಲ್ಲ ಎಂದು ಗೊತ್ತಾದರೆ ಮುಂದಕ್ಕೆ ಹೋಗುತ್ತಾರಂತೆ. ಇಷ್ಟೆಲ್ಲ ಅಚ್ಚುಕಟ್ಟಾಗಿ ಮಾಡಿದ ಹತ್ತಾರು ಜನರಲ್ಲಿ ಒಬ್ಬರಿಗೂ ನಡುಮನೆಯ ಕಿಟಕಿಯ ಮೇಲಿದ್ದ ವೈಫೈ ಡಬ್ಬಿಯನ್ನು ಆರಿಸುವುದು ನೆನಪಾಗಲಿಲ್ಲ. ನನಗೂ ಆಗಲಿಲ್ಲ.

ನನಗೆ ಆಗ ಅಳು ಸಹ ಬಂದಿರಲಿಲ್ಲ. ಊರಿನ ಹೆಂಗಸರಿಗೆ ಇದೇ ಒಂದು ದೊಡ್ಡ ತಲೆನೋವಾಗಿತ್ತು. ಒಬ್ಬರಾದ ಮೇಲೊಬ್ಬರು ಬಂದು ಪಕ್ಕದಲ್ಲಿ ಕೂತು, "ಅತ್ಬುಡವ್ವ, ಒಳಗೇ ಮಡಿಕಬ್ಯಾಡ" ಎಂದು ಹೇಳಿ, ನಾನು ಅಳದಿದ್ದುದಕ್ಕೆ ತಾವೇ ಅತ್ತು ಹೋಗುತ್ತಿದ್ದರು. ನಾನು ಎದ್ದು ಅವರಿಗೆ ನೀರು ಕೊಡುತ್ತಿದ್ದೆ. ಎದೆ ಹಿಡಿದುಕೊಂಡಿದೆ ಎಂದ ನಮ್ಮ ಮನೆಯವರನ್ನು ಹುಣಸೂರಿಗೆ ಕರೆದುಕೊಂಡು ಹೋಗುವ ದಾರಿಯಲ್ಲಿ, ಬಾಡಿಗೆ ಕಾರಿನ ಹಿಂದಿನ ಸೀಟಿನಲ್ಲಿ, ನನ್ನ ತೊಡೆಯ ಮೇಲೆ ತಲೆಯಿಟ್ಟೇ ಅವರು ಹೋಗಿದ್ದರು. ಅಂದಿನಿಂದ ನನ್ನ ಕೈಕಾಲು ಎಲ್ಲ ಕೆಲಸ ಮಾಡುತ್ತಿದ್ದವು, ಒಳಗೆ ಮಾತ್ರ ಯಾರೂ ಇದ್ದಂತಿರಲಿಲ್ಲ. ಹಲ್ಲು ಕೀಳಿಸಲು ಸೂಜಿ ಚುಚ್ಚಿಸಿಕೊಂಡ ಮೇಲೆ ಕೆನ್ನೆ ಮುಟ್ಟಿಕೊಂಡರೆ ಬೇರೆ ಯಾರದೋ ಕೆನ್ನೆ ಮುಟ್ಟಿದ ಹಾಗಿರುತ್ತದಲ್ಲ, ನನಗೆ ನಾನು ಹಾಗಿದ್ದೆ.

ನಾನೂ ಅತ್ತೆಯೂ ಮನೆಯ ಪಕ್ಕದ ಹೊಗೆಸೊಪ್ಪಿನ ಶೆಡ್ಡಿಗೆ ಬಂದೆವು. ಬಿಸಿಗಾಳಿಯಲ್ಲಿ ಬೇಯಿಸಿದ ಸೊಪ್ಪನ್ನು ತಂದು, ಬಣ್ಣ ನೋಡಿ ವಿಂಗಡಿಸಿ, ಹರಾಜಿಗೆ ಹೊರೆ ಕಟ್ಟುವ ಜಾಗ ಅದು. ಆ ವರ್ಷದ ಸೊಪ್ಪು ಮಾರಿ ಶೆಡ್ಡು ಖಾಲಿಯಾಗಿತ್ತು, ಘಾಟು ಮಾತ್ರ ಗೋಡೆಗೆ ಅಂಟಿಕೊಂಡಿತ್ತು. ಮೇಲೆ ತಗಡಿನ ಶೀಟು, ಬೇಸಿಗೆ. ಹಾಸಿಗೆ, ನಾಲ್ಕು ಪಾತ್ರೆ, ಗ್ಯಾಸ್ ಒಲೆ, ನನ್ನ ಲ್ಯಾಪ್‌ಟಾಪು, ಅತ್ತೆಯ ಎಲೆ ಅಡಿಕೆ ಚೀಲ, ಇಷ್ಟು ನಮ್ಮ ಸಂಸಾರ. ಶೆಡ್ಡಿಗೆ ಬೇರೆಯದೇ ಮೀಟರಿದ್ದುದರಿಂದ ಫ್ಯಾನು ತಿರುಗುತ್ತಿತ್ತು. ಕೂತಲ್ಲಿಂದ ನಮ್ಮದೇ ನಡುಮನೆಯ ಕಿಟಕಿ ಎದುರಿಗೆ ಕಾಣುತ್ತಿತ್ತು, ಒಂದು ಗಾಡಿ ಹಾಯುವಷ್ಟು ಅಂತರ.

ನಮಗೆ ಮಕ್ಕಳಿಲ್ಲ. ಹಾಗಾಗಿ ನನ್ನನ್ನು ಏನು ಮಾಡುವುದು ಎಂಬ ಮಾತು ಹನ್ನೊಂದರ ದಿನವೇ ಎದ್ದಿತ್ತು. ಕೆ.ಆರ್. ನಗರದಲ್ಲಿರುವ ನನ್ನ ಅಣ್ಣ, "ಬಂದ್ಬುಡು ಕಣಮ್ಮಿ, ಮೇಲಿನ ರೂಮು ಖಾಲಿ ಮಾಡ್ಸಿವ್ನಿ" ಎಂದ. ಅತ್ತೆಯನ್ನು ಪಿರಿಯಾಪಟ್ಟಣದ ನಾದಿನಿ ಕರೆದುಕೊಂಡು ಹೋಗುವುದು ಎಂದಾಯಿತು. ಅಣ್ಣ ಒಳ್ಳೆಯವನು, ತೊಂದರೆ ಇರುವುದೇ ಅಲ್ಲಿ. ಕೆಟ್ಟವನಾಗಿದ್ದರೆ ಜಗಳವಾಡಿ ಬೇಡವೆನ್ನಬಹುದಿತ್ತು. ಅವನ ಮನೆಯ ಮೇಲಿನ ರೂಮಿನಲ್ಲಿ ಕೂತು, ಊಟಕ್ಕೆ ಕರೆದಾಗ ಇಳಿದು ಬಂದು, ಕರೆಯದಿದ್ದಾಗ ಹಸಿವಿಲ್ಲವೆಂದುಕೊಂಡು ಬದುಕುವುದು ನನಗೆ ಬೇಕಿರಲಿಲ್ಲ. ಅಷ್ಟೊಂದು ಮರಗಟ್ಟಿದ್ದಾಗಲೂ ಇದೊಂದು ಮಾತ್ರ ನನಗೆ ಸ್ಪಷ್ಟವಿತ್ತು. ನನಗೆ ನನ್ನ ಮನೆಯಲ್ಲೇ ಇರಬೇಕಿತ್ತು, ಅದಕ್ಕೆ ನನ್ನದೊಂದು ಕೆಲಸ ಬೇಕಿತ್ತು.

ಕೆಲಸ ಹತ್ತಿರಕ್ಕೆ ಬಂದೂ ಇತ್ತು. ನಾನು ಮೊದಲು ಖಾಸಗಿ ಶಾಲೆಯಲ್ಲಿ ಲೆಕ್ಕದ ಟೀಚರ್. ಕೊರೋನಾ ಕಾಲದಲ್ಲಿ ಶಾಲೆ ನಿಂತಾಗ ನಮ್ಮ ಮನೆಯವರು ಎಲ್ಲಿಂದಲೋ ಒಂದು ಹಳೆಯ ಲ್ಯಾಪ್‌ಟಾಪು ತಂದುಕೊಟ್ಟರು, ಅದರಲ್ಲೇ ಮನೆಪಾಠ ಶುರುವಾಯಿತು. ಈಗ ಮೈಸೂರಿನ ಒಂದು ಆನ್‌ಲೈನ್ ಪಾಠದ ಸಂಸ್ಥೆಯವರು ನನ್ನನ್ನು ಪೂರ್ತಿ ಕೆಲಸಕ್ಕೆ ತೆಗೆದುಕೊಳ್ಳುವ ಮಾತಾಡಿದ್ದರು. ಒಂದು ಮಾದರಿ ಪಾಠ ಮಾಡಿ ತೋರಿಸಬೇಕು, ಅಷ್ಟೆ. ಅದರ ದಿನ ಅವರು ಬದುಕಿದ್ದಾಗಲೇ ಗೊತ್ತಾಗಿತ್ತು. ನಾನು ಮುಂದೂಡಿ ಎಂದು ಕೇಳಲಿಲ್ಲ, ಕೇಳಲು ಕಾರಣ ಹೇಳಬೇಕಿತ್ತಲ್ಲ.

ಮಾದರಿ ಪಾಠದ ದಿನ, ಶನಿವಾರ ಬೆಳಗ್ಗೆ, ಶೆಡ್ಡಿನಲ್ಲಿ ಲ್ಯಾಪ್‌ಟಾಪು ತೆರೆದಾಗ ಪಟ್ಟಿಯಲ್ಲಿ ನಮ್ಮ ವೈಫೈ ಕಾಣಿಸಿತು. ಅದಕ್ಕೆ ನಮ್ಮ ಮನೆಯವರು ಇಟ್ಟಿದ್ದುದು ತಮ್ಮದೇ ಹೆಸರು. ಆಗಲೇ ನನಗೆ ಡಬ್ಬಿ ಇನ್ನೂ ಉರಿಯುತ್ತಿದೆ ಎಂದು ಗೊತ್ತಾದದ್ದು. ಬೀಗ ಹಾಕಿದ ಮನೆಯಿಂದ ಅವರ ಹೆಸರು ಒಂದೂವರೆ ಗೆರೆಯಷ್ಟು ಬಲದಲ್ಲಿ ಬರುತ್ತಿತ್ತು. ನಾನು ಅದನ್ನು ಒತ್ತಿದೆ, ಸೇರಿಕೊಂಡಿತು, ಪಾಠ ಶುರು ಮಾಡಿದೆ. ಐದು ನಿಮಿಷವಾಗಿರಲಿಲ್ಲ, ಸಂಸ್ಥೆಯ ಹುಡುಗಿಯ ದನಿ ತುಂಡುತುಂಡಾಗಿ ಬಂತು.

"ಮೇಡಂ, ನಿಮ್ಮ ಮಾತು ಕೇಳಿಸ್ತಿಲ್ಲ. ನೀವು ಬಾಯಿ ತೆರ್ಕೊಂಡು ಹಾಗೇ ನಿಂತುಬಿಟ್ಟಿದ್ದೀರಿ."

ಹೌದಮ್ಮ, ನಾನು ಹಾಗೇ ನಿಂತಿದ್ದೇನೆ ಎಂದು ಹೇಳಬೇಕೆನಿಸಿತು. ಆಕೆ ಒಳ್ಳೆಯ ಹುಡುಗಿ. ಮುಂದಿನ ಶನಿವಾರ ಹನ್ನೊಂದು ಗಂಟೆಗೆ ಇನ್ನೊಂದು ಅವಕಾಶ, ಅಷ್ಟರೊಳಗೆ ನೆಟ್ ಸರಿ ಮಾಡಿಕೊಳ್ಳಿ, ಆಮೇಲೆ ನಮ್ಮ ಕೈಯಲ್ಲಿಲ್ಲ ಎಂದಳು. ಅಣ್ಣನೂ ಅದರ ಮರುದಿನ, ಭಾನುವಾರ, ಗೂಡ್ಸ್ ಆಟೋ ತರುವುದಾಗಿ ಹೇಳಿದ್ದ. ಮೊಬೈಲಿನ ನೆಟ್ಟು ನೆಚ್ಚಿಕೊಳ್ಳುವ ಹಾಗಿರಲಿಲ್ಲ. ಶೆಡ್ಡಿನ ತಗಡಿನ ಕೆಳಗೆ ಫೋನಿಗೆ ಉಸಿರೇ ಇರುತ್ತಿರಲಿಲ್ಲ.

ಸೋಮವಾರ ಲ್ಯಾಪ್‌ಟಾಪನ್ನು ಅಕ್ಕಿ ಚೀಲದೊಳಗಿಟ್ಟು ಹುಣಸೂರಿನ ಬಸ್ಸು ಹತ್ತಿದೆ. ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ಒಂದು ರಿಪೇರಿ ಅಂಗಡಿಯಿದೆ. ಅಂಗಡಿಯವರು ಒಂದು ಕಾಲದಲ್ಲಿ ರೇಡಿಯೋ ರಿಪೇರಿ ಮಾಡುತ್ತಿದ್ದವರು, ತಲೆ ಪೂರ್ತಿ ಬೆಳ್ಳಗಾಗಿದೆ, ಒಬ್ಬರೇ ಕೂತಿರುತ್ತಾರೆ. ನನ್ನ ದೂರು ಕೇಳಿದರು.

"ಮನೇಲಿ ಫೈಬರ್ ಅದೆ ಅಂತೀರಿ. ಡಬ್ಬಿ ಪಕ್ಕದಾಗೆ ಕೂತು ಒಂದು ವೈರು ಚುಚ್ಕೊಂಡ್ರೆ ಮುಗೀತಲ್ಲ ಮೇಡಂ. ಇದನ್ನ ಯಾಕೆ ಬಿಚ್ಚಿಸ್ತೀರಿ?"

"ಮನೆ ಬಿಟ್ಟಿದೀವಿ" ಎಂದೆ.

ಅವರು ಕನ್ನಡಕದ ಮೇಲಿಂದ ನನ್ನ ಹಣೆ ನೋಡಿದರು. "ಎಷ್ಟು ತಿಂಗ್ಳು?"

"ಮೂರು."

"ಡಬ್ಬಿ ಆರಿಸ್ನಿಲ್ವಾ?"

"ಮರೆತುಹೋಯ್ತು."

ಅವರು ತಿರುಪುಳಿ ತೆಗೆದುಕೊಂಡು ಲ್ಯಾಪ್‌ಟಾಪನ್ನು ಮಗುಚಿ ಹಾಕಿ ಒಂದೊಂದೇ ಸ್ಕ್ರೂ ಬಿಚ್ಚಿ ಬಿಳಿ ಕಾಗದದ ಮೇಲೆ ಜೋಡಿಸತೊಡಗಿದರು. ಸಾವಿನ ಮನೆಯ ನೂರು ಮಾತು ಕೇಳಿ ಬಂದವಳಿಗೆ ಆ ಮೌನ ಹಿತವಾಗಿತ್ತು. ಮುಚ್ಚಳ ತೆಗೆದರೆ ಒಳಗೆ ನಮ್ಮ ಊರೇ ಇತ್ತು. ಫ್ಯಾನಿನ ಸುತ್ತ ಹೊಗೆಸೊಪ್ಪಿನ ಪುಡಿ, ಮೂಲೆಯಲ್ಲಿ ಒಣಗಿದ ಚೆಂಡುಹೂವಿನ ಎಸಳು, ಅಲ್ಲಲ್ಲಿ ಕೆಂಪು.

"ಆಯುಧಪೂಜೇಲಿ ಕುಂಕುಮ ಇಟ್ಟಿದ್ರಾ?"

"ಅತ್ತೆ ಇಟ್ಟಿದ್ದರು. ಟ್ರ್ಯಾಕ್ಟರಿಗೆ, ಪಂಪ್‌ಸೆಟ್ಟಿಗೆ, ಕುಡುಗೋಲಿಗೆ, ಇದಕ್ಕೆ."

"ಎಲ್ರೂ ಇಡ್ತಾರೆ. ಅಕ್ಟೋಬರ್ ಕಳೀತು ಅಂದ್ರೆ ನನಗೆ ಇದೇ ಕೆಲ್ಸ" ಎಂದು ಅವರು ರಬ್ಬರಿನ ಬುರುಡೆಯಿಂದ ಗಾಳಿ ಊದಿದರು. ಕುಂಕುಮ ಹಾರಿ ಮೇಜಿನ ಮೇಲೆ ಇಟ್ಟಿದ್ದ ನನ್ನ ಕೈಗೆ ಬಿತ್ತು. ಹನ್ನೊಂದರ ದಿನ ಹಣೆಯದನ್ನು ಒರೆಸಿದ ಮೇಲೆ ನನ್ನ ಮೈಗೆ ಕುಂಕುಮ ತಾಗಿದ್ದು ಅದೇ ಮೊದಲು. ಸೆರಗಿನಲ್ಲಿ ಒರೆಸಿಕೊಂಡೆ. ಏನೂ ಅನಿಸಲಿಲ್ಲ, ಏನಾದರೂ ಅನಿಸಬೇಕಿತ್ತಲ್ಲ ಎಂದು ಮಾತ್ರ ಅನಿಸಿತು.

ವೈಫೈ ಕಾರ್ಡು ಎಂದು ಅವರು ತೋರಿಸಿದ್ದು ಅರ್ಧ ಬೆಂಕಿಪೊಟ್ಟಣದಷ್ಟಿತ್ತು. ಅದರ ತುದಿಗೆ ಕೂದಲಿನಂಥ ಒಂದು ಕಪ್ಪು ವೈರು ಕೂತಿತ್ತು. ಪಕ್ಕದಲ್ಲೇ ಇನ್ನೊಂದು ಬಿಳಿ ವೈರು ಯಾವುದಕ್ಕೂ ಸೇರದೆ, ತುದಿಗೆ ಟೇಪು ಸುತ್ತಿಸಿಕೊಂಡು ಬಿದ್ದಿತ್ತು. ಕಂಪನಿಯವರೇ ಹಾಗೆ ಬಿಟ್ಟಿರುತ್ತಾರಂತೆ, ಅಗ್ಗದ ಕಾರ್ಡಿಗೆ ಒಂದೇ ವೈರು ಸಾಕು.

"ಈಗಿನ ಡಬ್ಬಿಗಳು ಎರಡು ದಾರಿ ಬುಡ್ತವೆ ಮೇಡಂ" ಎಂದು ಅವರು ವಿವರಿಸಿದರು. "ಒಂದು ಹಳೇ ದಾರಿ. ದೂರ ಓಯ್ತದೆ, ಆದ್ರೆ ಎತ್ತಿನಗಾಡಿ ಓದಂಗೆ. ಇನ್ನೊಂದು ಹೊಸದು, ಬಲೇ ಸ್ಪೀಡು, ಆದ್ರೆ ಗೋಡೆ ಅಡ್ಡ ಬಂದ್ರೆ ಸುಸ್ತಾಗ್ಬುಡ್ತದೆ. ನಿಮ್ ಕಾರ್ಡಿಗೆ ಹಳೇ ದಾರಿ ಬುಟ್ರೆ ಇನ್ನೊಂದು ಅದೆ ಅನ್ನೋದೇ ಕಾಣಾಕಿಲ್ಲ. ಎರಡೂ ಕಾಣೋ ಕಾರ್ಡ್ ಹಾಕಾನ, ಎರಡೂ ವೈರು ಸಿಗಿಸಾನ."

ಆಗ ನನಗೆ ಒಂದು ಹಳೆಯ ಜಗಳ ನೆನಪಾಯಿತು. ಆರು ತಿಂಗಳ ಹಿಂದೆ ನಮ್ಮ ಮನೆಯವರು ಚೆನ್ನಾಗಿದ್ದ ವೈಫೈ ಡಬ್ಬಿಯನ್ನು ಬದಲಾಯಿಸಿ ನಾಲ್ಕು ಕೊಂಬಿನ ಹೊಸದೊಂದನ್ನು ತಂದು ಕೂರಿಸಿದ್ದರು. ಮದುವೆಯಾದಂದಿನಿಂದ ಅವರು ನನ್ನನ್ನು ಟೀಚರಮ್ಮ ಎಂದೇ ಕರೆಯುತ್ತಿದ್ದುದು. "ಟೀಚರಮ್ಮಂಗೆ ಬ್ಯಾರೆ ರೋಡೇ ಆಕ್ಸಿವ್ನಿ, ಇನ್ನೇನ್ ಬೇಕು" ಎಂದು ಮೀಸೆ ತಿರುವಿದರು. ನಾನು ಲ್ಯಾಪ್‌ಟಾಪು ತೆರೆದು ನೋಡಿದೆ; ಮೊದಲಿನ ಹಾಗೆಯೇ ತೆವಳುತ್ತಿತ್ತು. ಯಾವ ಅಂಗಡಿಯವನೋ ನಿಮ್ಮ ತಲೆ ಸವರಿದ್ದಾನೆ, ಕೈಯಲ್ಲಿ ನಾಲ್ಕು ಕಾಸು ಇದ್ದರೆ ನಿಮಗೆ ಕಡಿತ ಎಂದು ಬೈದೆ. ಎರಡು ದಿನ ಮಾತು ಬಿಟ್ಟೆ. ಮೂರನೆಯ ದಿನ ಅವರು, "ತಪ್ಪು ಡಬ್ಬಿದಲ್ಲ ಕಣೆ, ನಿನ್ ಲ್ಯಾಪ್‌ಟಾಪ್‌ದು. ಒಂದಿನ ಹುಣಸೂರಿಗೆ ತಕ್ಕೊಂಡೋಗಾನ ಇರು" ಎಂದಿದ್ದರು. ಸೊಪ್ಪಿನ ಕೆಲಸ ಬಂತು, ಹರಾಜು ಬಂತು, ಆ ಒಂದು ದಿನ ಬರಲಿಲ್ಲ. ಈಗ ನಾನೇ ತಂದಿದ್ದೆ.

ಅಂಗಡಿಯವರು ಡ್ರಾಯರಿನಿಂದ ಒಂದು ಕಾರ್ಡು ಹುಡುಕಿ ಕೂರಿಸಿದರು. ಲ್ಯಾಪ್‌ಟಾಪು ಚಾಲೂ ಆಗಲೇ ಇಲ್ಲ. ಕಪ್ಪು ಪರದೆಯ ಮೇಲೆ ಎರಡು ಸಾಲು ಇಂಗ್ಲಿಷು ಬರೆದು ನಿಂತುಕೊಂಡಿತು.

"ಗುರುತಿಲ್ಲದ ಕಾರ್ಡು, ಈಚೆಗೆ ತೆಗಿ ಅಂತದೆ" ಎಂದು ನಕ್ಕರು. "ಕೆಲವು ಕಂಪನಿಯವು ಇಂಗೇ. ಅವರದೇ ಪಟ್ಟೀಲಿರೋ ಕಾರ್ಡು ಬುಟ್ರೆ ಬ್ಯಾರೇದ ಒಳಕ್ಕೆ ಬಿಟ್ಕಳಾಕಿಲ್ಲ."

ಇಷ್ಟು ವರ್ಷ ಹೊಗೆಸೊಪ್ಪು ತಿಂದುಕೊಂಡಿದ್ದ ಲ್ಯಾಪ್‌ಟಾಪಿಗೆ ಈ ಮಡಿ ಎಲ್ಲಿಂದ ಬಂತೋ. ಅವರು ಅದರ ಪಟ್ಟಿಗೆ ಒಪ್ಪುವ ಕಾರ್ಡಿಗಾಗಿ ಮೈಸೂರಿಗೆ ಫೋನು ಮಾಡಿದರು. ಅದೇ ಕಂಪನಿಯ ಕೆಟ್ಟು ಕೂತ ಲ್ಯಾಪ್‌ಟಾಪಿನಿಂದ ಬಿಚ್ಚಿದ ಕಾರ್ಡೊಂದು ಇದೆಯಂತೆ, ಗುರುವಾರ ಬಸ್ಸಿನಲ್ಲಿ ಬರುತ್ತದೆ ಎಂದರು. ಬರದಿದ್ದರೆ ಎಂದು ಕೇಳಿದೆ. ಬರದಿದ್ದರೆ ಇಲ್ಲ ಎಂದರು. ಲ್ಯಾಪ್‌ಟಾಪನ್ನು ಅಲ್ಲೇ ಬಿಟ್ಟು ಖಾಲಿ ಅಕ್ಕಿ ಚೀಲ ಮಡಿಸಿಕೊಂಡು ಊರಿಗೆ ಬಂದೆ.

ಅಂದು ಮುಸ್ಸಂಜೆ ಅತ್ತೆ ಶೆಡ್ಡಿನ ಬಾಗಿಲಲ್ಲಿ ಎಲೆಗೆ ಸುಣ್ಣ ಸವರುತ್ತ ಕೂತಿದ್ದವರು ಕೈ ನಿಲ್ಲಿಸಿದರು.

"ಅಲ್ನೋಡವ್ವ. ಮನೆ ಒಳಗೆ ದೀಪ."

ಕಿಟಕಿಯ ಗಾಜಿನ ಹಿಂದೆ ಹಸಿರು ಚುಕ್ಕೆ ಮಿನುಗುತ್ತಿತ್ತು. ಅಷ್ಟು ದಿನ ಕತ್ತಲಾಗುವ ಮೊದಲೇ ಬಾಗಿಲೆಳೆದುಕೊಂಡು ಒಳಗಿರುತ್ತಿದ್ದ ನಮಗೆ ಅದು ಕಂಡಿರಲಿಲ್ಲ. ವೈಫೈ ಡಬ್ಬಿ ಅತ್ತೆ, ಆರಿಸುವುದು ಮರೆತಿದ್ದೇವೆ ಎಂದೆ. ಅವರು ನನ್ನ ಮಾತು ಕೇಳಿಸಿಕೊಂಡರು, ನಂಬಿದರು ಕೂಡ. ಆದರೆ ಅವರಿಗೆ ಅದರಿಂದ ಏನೂ ಬದಲಾಗಲಿಲ್ಲ.

"ಯಾವ್ದಾದ್ರೇನವ್ವ, ದೀಪ ದೀಪವೇ. ಅದ ನೋಡ್ಕಂಡು ಅವ್ನು ಅಲ್ಲೇ ಕುಂತವ್ನೆ. ಮನೇಲಿ ಜನ ಅವ್ರೆ ಅನ್ಕಂಡು ಕುಂತವ್ನೆ. ದಾರಿ ಬುಡಬೇಕು ಕಣವ್ವ ಅವನ್ಗೆ. ಆರಿಸ್ಬುಡು."

ಆರಿಸಲು ಒಳಗೆ ಹೋಗಬೇಕಿರಲಿಲ್ಲ. ಮೀಟರ್ ಬೋರ್ಡು ಜಗಲಿಯ ಗೋಡೆಯ ಮೇಲೇ ಇದೆ, ಮೇನ್ ಸ್ವಿಚ್ಚು ಕೆಳಕ್ಕೆಳೆದರೆ ಮುಗಿಯಿತು. ಎರಡು ಹೆಜ್ಜೆಯ ಕೆಲಸ. ನಾನು ಏಳಲಿಲ್ಲ. ನಮ್ಮ ಮನೆಯವರು ಅಲ್ಲಿ ಕೂತಿದ್ದರೆ ನನ್ನ ತಕರಾರೇನೂ ಇರಲಿಲ್ಲ, ಕೂತುಕೊಳ್ಳಲಿ. ಆದರೆ ಅತ್ತೆಗೆ ಅದನ್ನು ಹೇಳಲು ಬಾಯಿ ಬರಲಿಲ್ಲ. ಇಪ್ಪತ್ತೆರಡು ದಿನದ ಹಿಂದೆ ಮಗನನ್ನು ಕಳೆದುಕೊಂಡ ಹೆಂಗಸು, ಅವನು ಸುಖವಾಗಿ ಹೋಗಲಿ ಎಂದಷ್ಟೇ ಕೇಳುತ್ತಿದ್ದರು.

"ಶನಿವಾರದ ತನಕ ಇರಲಿ ಅತ್ತೆ. ಪಾಠ ಮುಗಿದ ತಕ್ಷಣ ನಾನೇ ಮೇನು ತೆಗೀತೀನಿ."

"ಆಣೆ ಮಾಡು."

ಆಣೆ ಮಾಡಿದೆ. ಶನಿವಾರದ ಆಚೆಗೆ ಒಂದು ದಿನವಿದೆ ಎಂಬುದೇ ಆಗ ನನ್ನ ತಲೆಗೆ ಹೋಗುತ್ತಿರಲಿಲ್ಲ. ಕೆಲಸ ಸಿಕ್ಕರೆ ಆ ಡಬ್ಬಿ ದಿನವೂ ಬೇಕಾಗುತ್ತದೆ ಎಂದು ಲೆಕ್ಕದ ಟೀಚರಿಗೆ ಹೊಳೆಯಲಿಲ್ಲ. ಅತ್ತೆ ಎಲೆ ಬಾಯಿಗಿಟ್ಟುಕೊಂಡು ಕಿಟಕಿಗೆ ಬೆನ್ನು ಮಾಡಿ ಕೂತರು. ಮೂರು ದಿನವೂ ಸಂಜೆ ಹಾಗೆಯೇ ಬೆನ್ನು ಮಾಡಿ ಕೂತರು. ಒಂದು ಸಂಜೆ ಕರೆಂಟು ಹೋಗಿ ಹಸಿರು ಚುಕ್ಕೆ ಆರಿತು, ಸ್ವಲ್ಪ ಹೊತ್ತಿಗೆ ತಾನೇ ಹತ್ತಿಕೊಂಡಿತು. ಬೆನ್ನು ಮಾಡಿದ್ದರೂ ಅವರಿಗೆ ಅದು ಹೇಗೋ ಗೊತ್ತಾಯಿತು. "ಬಂದ" ಎಂದರು, ತಮ್ಮಷ್ಟಕ್ಕೆ.

ಗುರುವಾರ ಕಾರ್ಡು ಬಂದಿತ್ತು. ಅಂಗಡಿಯವರು ನನ್ನೆದುರಿಗೇ ಕೂರಿಸಿದರು. ಬಿಳಿ ವೈರಿನ ಟೇಪು ಬಿಚ್ಚಿ, ಕಿವಿಯೋಲೆಯ ತಿರುಪಿಗಿಂತ ಚಿಕ್ಕದಾದ ಗುಂಡಿಯ ಮೇಲಿಟ್ಟು ಉಗುರಿನಿಂದ ಒತ್ತಿದರು. ಟಕ್ ಎಂದು ಕೂತಿತು. ಈ ಸಲ ಲ್ಯಾಪ್‌ಟಾಪು ಗೊಣಗಲಿಲ್ಲ. "ಗೋಡೆ ಒಂದ ನೋಡ್ಕಳಿ ಮೇಡಂ, ಆದಷ್ಟೂ ಹತ್ರ ಕೂತ್ಕಳಿ" ಎಂದು ಹೇಳಿ ಕಳಿಸಿದರು.

ಶೆಡ್ಡಿಗೆ ಬಂದು ತೆರೆದೆ. ಪಟ್ಟಿಯಲ್ಲಿ ಎಂದಿನಂತೆ ಅವರ ಹೆಸರಿತ್ತು. ಅದರ ಕೆಳಗೆ ಇನ್ನೊಂದು ಹೆಸರಿತ್ತು, ಇಂಗ್ಲಿಷ್ ಅಕ್ಷರದಲ್ಲಿ: ಟೀಚರಮ್ಮ.

ಬಹಳ ಹೊತ್ತು ನೋಡಿದೆ. ಮುಚ್ಚಿಟ್ಟು ರಾತ್ರಿಯ ಅನ್ನಕ್ಕೆ ಅಕ್ಕಿ ಆರಿಸಿದೆ. ಮತ್ತೆ ತೆರೆದೆ, ಇತ್ತು. ಡಬ್ಬಿ ತಂದ ದಿನವೇ ಹೊಸ ದಾರಿಗೆ ಆ ಹೆಸರಿಟ್ಟಿದ್ದಾರೆ. ನನ್ನ ಲ್ಯಾಪ್‌ಟಾಪಿಗೆ ಅದು ಕಾಣಲಿಲ್ಲ, ನನ್ನ ಅಗ್ಗದ ಫೋನಿಗೂ ಕಾಣಲಿಲ್ಲ. ಅವರ ಫೋನಿಗೆ ಮಾತ್ರ ಕಾಣುತ್ತಿದ್ದಿರಬೇಕು. ಆ ಫೋನು ಈಗ ಬೀಗದೊಳಗಿನ ಬೀರುವಿನಲ್ಲಿದೆ. ನಾನು ಬೈಯುತ್ತಿದ್ದಾಗ ಇದನ್ನೊಂದು ತೋರಿಸಿ ನನ್ನ ಬಾಯಿ ಮುಚ್ಚಿಸಬಹುದಿತ್ತಲ್ಲ. ಲ್ಯಾಪ್‌ಟಾಪು ಸರಿ ಮಾಡಿಸಿದ ದಿನ ತಾನಾಗೇ ಕಾಣಲಿ ಎಂದು ಸುಮ್ಮನಿದ್ದರೇನೋ. ಅವರ ಸ್ವಭಾವವೇ ಅದು, ಯಾವುದನ್ನೂ ಮೊದಲೇ ಹೇಳುತ್ತಿರಲಿಲ್ಲ. ಇಷ್ಟೆಲ್ಲ ಯೋಚಿಸಿದೆ, ಆದರೂ ಕಣ್ಣು ಒಣಗಿಯೇ ಇತ್ತು. ಹಳೆಯ ಪಾಸ್‌ವರ್ಡು ಹೊಡೆದೆ, ಒಪ್ಪಿಕೊಂಡಿತು. ಅತ್ತೆಗೆ ಏನೂ ಹೇಳಲಿಲ್ಲ.

ಆದರೆ ಶೆಡ್ಡಿನೊಳಗೆ ಅದು ಒಂದೇ ಗೆರೆ ತೋರಿಸಿ ಬಿಟ್ಟುಬಿಟ್ಟು ಹೋಗುತ್ತಿತ್ತು. ಬಾಗಿಲಿಗೆ ಬಂದರೆ ಎರಡಾಯಿತು. ಲ್ಯಾಪ್‌ಟಾಪನ್ನು ಮಗುವಿನ ಹಾಗೆ ಎತ್ತಿಕೊಂಡು ಅಂಗಳ ದಾಟಿ ನಮ್ಮ ಜಗಲಿಯ ಹತ್ತಿರ ನಿಂತಾಗ ಎಲ್ಲ ಗೆರೆಯೂ ತುಂಬಿಕೊಂಡವು. ವೇಗ ಅಳೆದು ನೋಡಿದೆ, ಎಂದೂ ಕಾಣದಷ್ಟಿತ್ತು. ಜಗಲಿಯ ಮೇಲೆ, ಕಿಟಕಿಯ ಕೆಳಗೆ ಕೂತರೆ ಮಾತ್ರ ಪಾಠ ಸಾಧ್ಯ.

ಶುಕ್ರವಾರ ಅತ್ತೆಯನ್ನು ಕೇಳಿದೆ. ಅವರು ಬಂದು ಜಗಲಿಯನ್ನೂ ಮುಳ್ಳನ್ನೂ ಬೀಗವನ್ನೂ ಒಂದು ಸಲ ನೋಡಿದರು.

"ಹೊಸ್ಲು ದಾಟಂಗಿಲ್ಲ ಅಂದವ್ರೆ. ಜಗಲಿ ಹೊಸ್ಲಿಂದ ಈಚ್ಗೆ ತಾನೆ" ಎಂದರು. "ಕುಂತ್ಕೊ. ನಾನೂ ಕುಂತಿರ್ತೀನಿ."

ಶನಿವಾರ ಜಗಲಿ ಗುಡಿಸಿ, ಚಾಪೆ ಹಾಸಿ, ಶೆಡ್ಡಿನಲ್ಲಿ ಬಿದ್ದಿದ್ದ ಹಳೆಯ ಪೆಟ್ಟಿಗೆಯ ಮೇಲೆ ಲ್ಯಾಪ್‌ಟಾಪು ಇಟ್ಟೆ. ಬೆನ್ನ ಹಿಂದಿನ ಮುಳ್ಳು ಕ್ಯಾಮೆರಾಕ್ಕೆ ಕಾಣಬಾರದೆಂದು ಅತ್ತೆ ತಮ್ಮ ದುಪ್ಪಟಿಯನ್ನು ಅದರ ಮೇಲೆ ಹರಡಿದರು. ಬಟ್ಟೆ ಅಲ್ಲಲ್ಲಿ ಚುಚ್ಚಿಕೊಂಡು ಡೊಂಕಾಗಿ ನಿಂತಿತು. ಹನ್ನೊಂದು ಗಂಟೆಗೆ ಸಂಸ್ಥೆಯ ಹುಡುಗಿ ಬಂದಳು, ಜೊತೆಗೆ ನಾಲ್ಕು ಮಕ್ಕಳ ಮುಖ. ಭಿನ್ನರಾಶಿ ಶುರು ಮಾಡಿದೆ. ಒಂದು ರೊಟ್ಟಿಯನ್ನು ನಾಲ್ಕು ಪಾಲು ಮಾಡಿ ಒಂದು ಪಾಲು ತೆಗೆದರೆ ಎಷ್ಟು ಉಳಿಯಿತು ಎಂದು ಕೇಳಿದೆ. ಮಕ್ಕಳು ಕೇಳಿದ ತಕ್ಷಣ ಉತ್ತರ ಕೊಟ್ಟರು; ನಡುವೆ ಎಲ್ಲೂ ಕಡಿಯಲಿಲ್ಲ, ಯಾರೂ ಬಾಯಿ ತೆರೆದು ನಿಲ್ಲಲಿಲ್ಲ. ಅತ್ತೆ ಜಗಲಿಯ ತುದಿಯಲ್ಲಿ ಕೂತು, ಅರ್ಥವಾಗುತ್ತಿದೆ ಎಂಬಂತೆ ತಲೆಯಾಡಿಸುತ್ತಿದ್ದರು.

"ತುಂಬಾ ಚೆನ್ನಾಗಿತ್ತು ಮೇಡಂ" ಎಂದಳು ಹುಡುಗಿ. "ಸೋಮವಾರದಿಂದಲೇ ಶುರು ಮಾಡಿ, ದಿನಾ ಬೆಳಿಗ್ಗೆ. ನೆಟ್ ಇದೇ ಥರ ಇರಬೇಕು, ಅಷ್ಟೇ."

ಆಯಿತು ಎಂದೆ. ಆಮೇಲೆ ಎದ್ದು ಮೀಟರ್ ಬೋರ್ಡಿನ ಹತ್ತಿರ ಹೋದೆ. ಅವಳ ಕೊನೆಯ ಮಾತು ಕಿವಿಗೆ ಬಿದ್ದಿತ್ತು, ಅದರ ಅರ್ಥ ಆಗ ಆಯಿತು. ಕೈ ಮೇನಿನ ಮೇಲಿತ್ತು. ಆಣೆ ಮಾಡಿದ್ದೆ, ಅತ್ತೆ ನನ್ನನ್ನೇ ನೋಡುತ್ತಿದ್ದರು. ಕೆಳಕ್ಕೆಳೆದೆ.

ಲ್ಯಾಪ್‌ಟಾಪು ಬ್ಯಾಟರಿಯಲ್ಲಿ ಉರಿಯುತ್ತಲೇ ಇತ್ತು. ಚಾಪೆಯ ಮೇಲೆ ಬಂದು ಕೂತು ಪಟ್ಟಿ ನೋಡಿದೆ. ಟೀಚರಮ್ಮ ಮೊದಲು ಹೋಯಿತು. ಅವರ ಹೆಸರು ಇನ್ನೂ ಒಂದು ಗಳಿಗೆ ಇತ್ತು, ಆಮೇಲೆ ಅದೂ ಹೋಯಿತು. ಪಟ್ಟಿ ಖಾಲಿಯಾಯಿತು. ಆಗ ನೋವಾಯಿತು. ಅಷ್ಟು ದಿನದ ಮೇಲೆ ಮೊದಲ ಸಲ, ಎಲ್ಲಿ ಎಂದು ಬೆರಳಿಟ್ಟು ತೋರಿಸಬಹುದಾದಂಥ ನೋವು. ಕಾರಿನ ಹಿಂದಿನ ಸೀಟಿನಲ್ಲಿ ಆಗಬೇಕಾಗಿದ್ದದ್ದು ಈಗ ಜಗಲಿಯಲ್ಲಿ ಆಗುತ್ತಿತ್ತು.

"ಓಗ್ಬುಟ್ನಾ?" ಅತ್ತೆ ಕೇಳಿದರು.

"ಹೂಂ ಅತ್ತೆ."

ಅವರು ಎಲೆ ಅಡಿಕೆ ಚೀಲದ ದಾರ ಎಳೆದು ಕಟ್ಟಿದರು. "ಸೋಮಾರದಿಂದ ಪಾಠ ಅಂದ್ಲಲ್ಲ ಆವಮ್ಮ. ಎಂಗ್ ಮಾಡೀಯೆ?"

"ಗೊತ್ತಿಲ್ಲ."

"ನಾಳೆ ನಿಮ್ಮಣ್ಣ ಗಾಡಿ ತತ್ತಾನೆ."

"ಹೂಂ."

ಅತ್ತೆ ಕೈಯೂರಿ ಎದ್ದರು. ಬೋರ್ಡಿನ ಹತ್ತಿರ ಹೋಗಿ ಕೈ ಚಾಚಿದರು, ಎಟುಕಲಿಲ್ಲ. ಕುಳ್ಳಗಿನ ಹೆಂಗಸು.

"ಬಾರವ್ವ, ಇ‍ದ ಮ್ಯಾಕ್ಕೆತ್ತು."

"ಅತ್ತೆ, ನೀವೇ ಅಂದಿರಲ್ಲ, ಅವರಿಗೆ ದಾರಿ ಬಿಡಬೇಕು ಅಂತ."

"ಅಂದೆ ಕಣವ್ವ. ಓಗೋನು ಎಂಗೂ ಓಯ್ತಾನೆ. ಇನ್ನೆರಡು ತಿಂಗ್ಳು ಕುಂತಿರ್ಲಿ ಬುಡು. ಬ್ಯಾರೆಲ್ಲೂ ಅಲ್ವಲ್ಲ, ನಮ್ಮನೇಲಿ ತಾನೆ ಕುಂತಿರೋದು" ಎಂದರು.

ಮೇನು ಮೇಲಕ್ಕೆತ್ತಿದೆ. ಇಬ್ಬರೂ ಚಾಪೆಯ ಮೇಲೆ ಲ್ಯಾಪ್‌ಟಾಪಿನ ಮುಂದೆ ಕೂತೆವು. ಎರಡು ಮೂರು ನಿಮಿಷ ಏನೂ ಇರಲಿಲ್ಲ. ಆಮೇಲೆ ಅವರ ಹೆಸರು ಬಂತು. ಎರಡನೆಯದು ಬರಲಿಲ್ಲ. ಹೊಸ ದಾರಿ ತೆರೆದುಕೊಳ್ಳಲು ಸ್ವಲ್ಪ ತಡವಾಗುತ್ತದೆ ಎಂದು ಅಂಗಡಿಯವರು ಎಷ್ಟೋ ದಿನದ ಮೇಲೆ ಹೇಳಿದರು, ಆಗ ನನಗದು ತಿಳಿದಿರಲಿಲ್ಲ. ಆರಿಸಿದ್ದಕ್ಕೆ ಅದು ಹೊರಟೇ ಹೋಯಿತೇನೋ ಎಂದು ಪಟ್ಟಿಯನ್ನು ಮತ್ತೆ ಮತ್ತೆ ತೆರೆದೆ. ಅಷ್ಟರಲ್ಲಿ ಬಂತು.

ಅತ್ತೆಗೆ ಓದಲು ಬಾರದು. ಆದರೂ ಪರದೆಯ ಮೇಲೆ ಒಂದು ಸಾಲು ಹೆಚ್ಚಾಗಿದ್ದನ್ನು ಕಂಡರು. "ಏನಂತಿದ್ದದು?"

"ಟೀಚರಮ್ಮ ಅಂತಿದೆ ಅತ್ತೆ. ಅವರೇ ಇಟ್ಟಿದ್ದ ಹೆಸರು."

"ಅಂಗೇ ಅಲ್ವಾ ಅವ್ನು ಕೂಗ್ತಿದ್ದುದು" ಎಂದು ಅವರು ಸೆರಗನ್ನು ಬಾಯಿಗೊತ್ತಿಕೊಂಡರು.

ನಾನು ಅಂಗಳದ ಬೇಲಿಯ ತನಕ ಹೋಗಿ, ಸಿಗ್ನಲ್ಲು ಸಿಗುವ ಕಡೆ ನಿಂತು ಅಣ್ಣನಿಗೆ ಫೋನು ಮಾಡಿದೆ. ನಾಳೆ ಗಾಡಿ ತರಬೇಡ, ನಾನೂ ಅತ್ತೆಯೂ ಇಲ್ಲೇ ಇರುತ್ತೇವೆ ಎಂದು ಹೇಳಬೇಕಿತ್ತು. ಗಾಡಿ ಎಂಬಲ್ಲಿಗೆ ಅಳು ಬಂದು ದನಿ ನಿಂತುಹೋಯಿತು. ಅವನು ನೆಟ್‌ವರ್ಕ್ ಸರಿಯಿಲ್ಲ ಎಂದುಕೊಂಡು, "ಅಲೋ, ಅಲೋ, ಕೇಳಿಸ್ತಾ ಇಲ್ಲ ಕಣಮ್ಮಿ" ಎಂದು ಕೂಗುತ್ತಲೇ ಇದ್ದ.